ಅಜ್ಜನ ಕೋವಿಗೆ ಹಳದಿ ಡಾಲರ್: ಹಳೆಯ ಆಯುಧಗಳ ವಿಡಿಯೊ ಮಾಡುವವರಿಗೆ

ವಿಡಿಯೊ ಏರಿಸಿ, ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಯೂಟ್ಯೂಬ್ ಸ್ಟುಡಿಯೊದ ಹಸಿರು ಡಾಲರ್ ಗುರುತು ಹಳದಿಯಾಗಿರುತ್ತದೆ. ಹಸಿರು ಅಂದ್ರೆ ಎಲ್ಲ ಬಗೆಯ ಜಾಹೀರಾತೂ ಬರಬಹುದು. ಹಳದಿ ಅಂದ್ರೆ ಕೆಲವೇ ಬರುತ್ತವೆ, ಇಲ್ಲವೇ ಒಂದೂ ಬರುವುದಿಲ್ಲ. ಅಷ್ಟಕ್ಕೂ ವಿಡಿಯೊದಲ್ಲಿ ಇದ್ದದ್ದೇನು? ಅಟ್ಟದ ಮೇಲಿದ್ದ ಅಜ್ಜನ ಕೇಪಿನ ಕೋವಿ, ಅಂದರೆ ಕೇಪು ಅನ್ನುವ ಪುಟ್ಟ ಸಿಡಿಮದ್ದಿನ ಟೋಪಿ ಸಿಡಿದಾಗ ಈಡು ಹಾರುವ ಹಳೆಯ ಬಂದೂಕು. ನಳಿಗೆಗೆ ತುಕ್ಕು, ಕುದುರೆ (ಈಡು ಹಾರಿಸಲು ಬಡಿಯುವ ಭಾಗ) ಮುರಿದಿದೆ. ಅದರಿಂದ ಕೊನೆಯ ಈಡು ಹೊಡೆದದ್ದು ಯಾವಾಗ ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಯಂತ್ರಕ್ಕೆ ಈ ಕಥೆ ಗೊತ್ತಾಗುವುದು ಹೇಗೆ? ಅದಕ್ಕೆ ಕಾಣುವುದು ಉದ್ದನೆಯ ನಳಿಗೆ, ಮರದ ಹಿಡಿ, ಹಿಡಿದುಕೊಂಡಿರುವ ಒಂದು ಕೈ. 200 ವರ್ಷದ ಹಿಂದಿನ ಕೋವಿಗೂ ಮೊನ್ನೆ ಕಾರ್ಖಾನೆಯಿಂದ ಬಂದ ರೈಫಲ್ಲಿಗೂ ಇರುವ ವ್ಯತ್ಯಾಸವನ್ನು ಹೇಳಬೇಕಾದವರು ನಾವೇ. ಎಲ್ಲಿ ಹೇಳಬೇಕು, ಯಾವಾಗ ಹೇಳಬೇಕು, ಏನನ್ನು ತೋರಿಸಲೇಬಾರದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಯೂಟ್ಯೂಬನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ, ಯಾಕೆಂದರೆ ನಮ್ಮಲ್ಲಿ ವಿಡಿಯೊದಿಂದ ನಾಲ್ಕು ಕಾಸು ನೋಡುವವರಲ್ಲಿ ಜಾಸ್ತಿ ಜನ ಇರುವುದು ಅಲ್ಲೇ.

ಈ ಗೋಳು ಶುರುವಾದದ್ದು ಹೇಗೆ

2017ರ ಮಾರ್ಚ್‌ನಲ್ಲಿ ಲಂಡನ್ನಿನ ಒಂದು ಪತ್ರಿಕೆ ಸುದ್ದಿ ಮಾಡಿತು. ದೊಡ್ಡ ದೊಡ್ಡ ಕಂಪನಿಗಳ ಜಾಹೀರಾತು ಉಗ್ರಗಾಮಿಗಳ ವಿಡಿಯೊಗಳ ಜೊತೆ ಬರುತ್ತಿದೆ ಅಂತ. ಕಂಪನಿಗಳು ಹಣ ಹಿಂತೆಗೆದವು. ಯೂಟ್ಯೂಬ್ ಗಾಬರಿಯಾಗಿ ಜರಡಿಯನ್ನು ಸಣ್ಣ ಮಾಡಿತು. ಆ ಜರಡಿಯಲ್ಲಿ ಸಿಕ್ಕಿಕೊಂಡವರಲ್ಲಿ ಅಮೆರಿಕದ ಬಂದೂಕು ಇತಿಹಾಸದ ಚಾನೆಲ್‌ಗಳೂ ಇದ್ದವು. ಇಯಾನ್ ಮೆಕಾಲಮ್ ಅವರ ‘ಫರ್ಗಾಟನ್ ವೆಪನ್ಸ್’ ಚಾನೆಲ್ ಎಷ್ಟೋ ಜನರಿಗೆ ಗೊತ್ತು. ಮ್ಯೂಸಿಯಂ, ಹರಾಜು ಮನೆಗಳಿಗೆ ಹೋಗಿ, ಅಪರೂಪದ ಹಳೆಯ ಬಂದೂಕನ್ನು ಮೇಜಿನ ಮೇಲಿಟ್ಟು, ಮೇಷ್ಟರ ಹಾಗೆ ತಣ್ಣಗೆ ಪಾಠ ಮಾಡುವ ಚಾನೆಲ್ ಅದು. ಅಂಥದಕ್ಕೂ ಜಾಹೀರಾತಿನ ವಿಷಯದಲ್ಲಿ ನೆಮ್ಮದಿ ಇಲ್ಲ.

2018ರ ಮಾರ್ಚ್‌ನಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಬಂದೂಕು ಮಾರುವ ತಾಣಗಳಿಗೆ ಕೊಂಡಿ ಕೊಡುವ ಹಾಗಿಲ್ಲ, ತಯಾರಿಸುವುದು ಹೇಗೆಂದು ಹೇಳಿಕೊಡುವ ಹಾಗಿಲ್ಲ. ‘ಇನ್‌ರೇಂಜ್ ಟಿವಿ’ ಅನ್ನುವ ಇನ್ನೊಂದು ಬಂದೂಕು ಚಾನೆಲ್ಲಿನವರು ಸಿಟ್ಟಿಗೆದ್ದು ತಮ್ಮ ವಿಡಿಯೊಗಳನ್ನು ಒಂದು ಅಶ್ಲೀಲ ವಿಡಿಯೊ ತಾಣಕ್ಕೂ ಹಾಕಲು ಶುರು ಮಾಡಿದ್ದು ಆಗಲೇ. ಇಲ್ಲಿಗಿಂತ ಅಲ್ಲೇ ಮರ್ಯಾದೆ ಜಾಸ್ತಿ ಅನ್ನಿಸಿರಬೇಕು! 2024ರ ಜೂನ್‌ನಲ್ಲಿ ಮತ್ತೊಂದು ಸುತ್ತು. ಮನೆಯಲ್ಲಿ ಮಾಡಿದ ಬಂದೂಕು ಅಥವಾ ತಾನಾಗಿ ಗುಂಡು ಸುರಿಸುವ ಬಂದೂಕನ್ನು ಬಳಸುವುದು ತೋರಿಸಿದರೆ 18 ವರ್ಷದ ಒಳಗಿನವರಿಗೆ ಆ ವಿಡಿಯೊ ಕಾಣುವುದಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಅಮೆರಿಕದ 1968ರ ಬಂದೂಕು ಕಾಯ್ದೆಯ ಪ್ರಕಾರ 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಪುರಾತನ ಆಯುಧ. ಅದಕ್ಕೆ ಬೇರೆಯೇ ಲೆಕ್ಕ. ಯೂಟ್ಯೂಬಿನ ನಿಯಮದಲ್ಲಿ ಅಂಥ ಗೆರೆ ಇಲ್ಲ. ‘ಇದು ಆಂಟಿಕ್ ಸ್ವಾಮಿ’ ಅಂತ ವಾದಿಸಿದರೆ ಯಾವ ರಿಯಾಯಿತಿಯೂ ಸಿಗುವುದಿಲ್ಲ. ಏನು ತೋರಿಸಿದ್ದೀರಿ, ಹೇಗೆ ತೋರಿಸಿದ್ದೀರಿ, ಇಷ್ಟೇ ಅವರಿಗೆ ಲೆಕ್ಕ.

ಮೊದಲ ಕೆಲಸ: ಎರಡು ನಿಯಮ ಪುಸ್ತಕಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ

ತುಂಬಾ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಸಮುದಾಯ ಮಾರ್ಗಸೂಚಿ ಅನ್ನುವುದು ಒಂದು. ಅದನ್ನು ಮುರಿದರೆ ವಿಡಿಯೊ ಹೋಗುತ್ತದೆ. ಮೊದಲ ಸಲ ಎಚ್ಚರಿಕೆ. ಆಮೇಲೆ ಸ್ಟ್ರೈಕ್. ಒಂದು ಸ್ಟ್ರೈಕ್‌ಗೆ ಒಂದು ವಾರ, ಎರಡನೆಯದಕ್ಕೆ ಎರಡು ವಾರ ಏನೂ ಹಾಕುವಂತಿಲ್ಲ. 90 ದಿನದೊಳಗೆ ಮೂರಾದರೆ ಚಾನೆಲ್ಲೇ ಇಲ್ಲ.

ಜಾಹೀರಾತುದಾರರಿಗೆ ಒಗ್ಗುವ ವಿಷಯದ ನಿಯಮ ಇನ್ನೊಂದು. ಇದನ್ನು ಮೀರಿದರೆ ವಿಡಿಯೊ ಇರುತ್ತದೆ, ಹಣ ಮಾತ್ರ ಬರುವುದಿಲ್ಲ. ಹಳದಿ ಡಾಲರ್ ಬರುವುದು ಇಲ್ಲಿಂದ. ಹಳದಿ ಬಂದಿತು ಅಂದ ಮಾತ್ರಕ್ಕೆ ನೀವು ತಪ್ಪಿತಸ್ಥರಲ್ಲ, ಚಾನೆಲ್‌ಗೆ ಕಪ್ಪು ಚುಕ್ಕೆಯೂ ಅಲ್ಲ. ಜಾಹೀರಾತು ಬೇಡ ಅಂತ ಹಣ ಕಟ್ಟಿ ನೋಡುವ ಪ್ರೀಮಿಯಂ ಚಂದಾದಾರರು ನೋಡಿದರೆ ಅದರ ಪಾಲು ಹಳದಿ ವಿಡಿಯೊಗೂ ಬರುತ್ತದೆ. ಕೆಂಡವಾಗಿ ‘ನನ್ನ ಚಾನೆಲ್ ಮುಚ್ಚಿಸುತ್ತಿದ್ದಾರೆ’ ಅಂತ ಇನ್ನೊಂದು ವಿಡಿಯೊ ಮಾಡುವ ಮುಂಚೆ ಯಾವ ಪುಸ್ತಕದ ಮಾತು ಅಂತ ನೋಡಿಕೊಳ್ಳಿ. ಎರಡೂ ಆಗಾಗ ಬದಲಾಗುತ್ತವೆ. ಹೊಸ ವಿಡಿಯೊಗೆ ಮುಂಚೆ ಸಹಾಯ ಪುಟವನ್ನು ಒಂದು ಸಲ ಓದುವುದು ಒಳ್ಳೆಯದು.

ಎರಡನೆಯದು: ಕ್ಯಾಮೆರಾಗೆ ಮುಂಚೆ ಕಾನೂನು

ಅಮೆರಿಕದವರಿಗೆ ಇಲ್ಲದ ತಲೆನೋವು ನಮಗಿದೆ. ಹಳೆಯದು ಅಂದ ಕೂಡಲೇ ಲೈಸೆನ್ಸ್ ಬೇಡ ಅಂತ ಅಂದುಕೊಳ್ಳಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಪುರಾತನ ಆಯುಧಕ್ಕೆ ಒಂದು ವಿನಾಯಿತಿ ಇದೆ. ಆದರೆ ಷರತ್ತು ಗಟ್ಟಿ. ರಿಪೇರಿ ಮಾಡಿದರೂ, ಮಾಡದಿದ್ದರೂ ಅದರಿಂದ ಗುಂಡು ಹಾರಿಸಲು ಆಗಬಾರದು. ಅಜ್ಜನ ಕೋವಿಯ ಕುದುರೆ ಮುರಿದಿದೆ ನಿಜ, ಕಮ್ಮಾರ ಅರ್ಧ ದಿನದಲ್ಲಿ ಸರಿ ಮಾಡಬಹುದಾದರೆ ಆ ವಿನಾಯಿತಿ ನಿಮಗಿಲ್ಲ. ನೀವೇ ವಿಡಿಯೊ ಮಾಡಿ ಊರಿಗೆಲ್ಲ ತೋರಿಸಿದರೆ ಸಾಕ್ಷಿಯನ್ನೂ ನೀವೇ ಕೊಟ್ಟ ಹಾಗೆ. ಅನುಮಾನ ಇದ್ದರೆ ವಕೀಲರನ್ನು ಕೇಳಿ, ಆಮೇಲೆ ಕ್ಯಾಮೆರಾ ತೆಗೆಯಿರಿ.

ಕೊಡಗಿನ ಲೆಕ್ಕ ಬೇರೆ. 1861ರ ಫೆಬ್ರವರಿಯಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಿಂದ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಕೊಡವರಿಗೂ ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಹೊಂದಿದವರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಯ ಮನೆಯಲ್ಲಿ ಚಿತ್ರೀಕರಿಸುವಾಗ ಈ ನಾಲ್ಕು ಸಾಲನ್ನು ವಿಡಿಯೊದಲ್ಲೇ ಹೇಳಿಬಿಡಿ. ನೋಡುವವರ ಪ್ರಶ್ನೆಗೂ ಉತ್ತರ, ಪರಿಶೀಲಿಸುವವರಿಗೂ ಹಿನ್ನೆಲೆ.

ಖುಷಿಗೆ ಗುಂಡು ಹಾರಿಸುವ ದೃಶ್ಯ ಬೇಡವೇ ಬೇಡ. 2019ರ ತಿದ್ದುಪಡಿಯ ನಂತರ, ಮದುವೆ ಮೆರವಣಿಗೆಯಂಥ ಸಂಭ್ರಮದಲ್ಲಿ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಕುತ್ತು ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಚುನಾವಣೆ ಹೊತ್ತಿನಲ್ಲೂ ಜೋಪಾನ. ಲೈಸೆನ್ಸ್ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಅಂತ ಆದೇಶ ಬಂದಿರುವಾಗ ನಿಮ್ಮ ಹೊಸ ವಿಡಿಯೊದಲ್ಲಿ ಕೋವಿ ಮಿಂಚುತ್ತಿದ್ದರೆ ಚಿತ್ರೀಕರಿಸಿದ್ದು ಹೋದ ವರ್ಷ ಅಂತ ಯಾರಿಗೆಲ್ಲ ವಿವರಿಸುತ್ತೀರಿ?

ಮೂರನೆಯದು: ಏನು ತೋರಿಸಬೇಕು, ಏನು ಬೇಡ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಳೆಯ ಚಕಮಕಿ ಕೋವಿಯ (ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವಂಥದ್ದು) ಮೇಲೆ ಹತ್ತು ನಿಮಿಷದ ವಿಡಿಯೊ.

ಎಲ್ಲರಿಗೂ ಮೊದಲು ಹೊಳೆಯುವುದು ಬಿಚ್ಚಿ ತೋರಿಸುವುದು. ಸ್ಕ್ರೂ ತೆಗೆದು, ಒಳಗಿನ ಸ್ಪ್ರಿಂಗ್ ತೋರಿಸಿ, ಮತ್ತೆ ಜೋಡಿಸಿ. ನೋಡಲು ಚೆಂದವೇ. ಆದರೆ ಬಂದೂಕನ್ನು ಜೋಡಿಸುವುದು, ಬಿಚ್ಚುವುದು, ಮಾರ್ಪಡಿಸುವುದು ಜಾಹೀರಾತು ನಿಯಮಕ್ಕೆ ಆಗಿಬರದ ಕೆಲಸ. ನಿಂತುಹೋದ ಕುದುರೆಯನ್ನು ಮತ್ತೆ ಓಡುವಂತೆ ಮಾಡುವ ವಿಧಾನ ಹೇಳಿಕೊಟ್ಟರಂತೂ ಹಣ ಹೋಗುವುದಷ್ಟೇ ಅಲ್ಲ, ವಿಡಿಯೊ ಉಳಿಯುವುದೂ ಕಷ್ಟ. ಮದ್ದು ಅರೆಯುವ ಅಳತೆಯೂ ಹಾಗೇ. ‘ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸುತ್ತಿದ್ದರು’ ಅನ್ನುವುದು ಇತಿಹಾಸ. ಯಾವುದು ಎಷ್ಟು, ಹೇಗೆ ಅರೆಯಬೇಕು ಅನ್ನುವುದು ಪಾಕವಿಧಾನ. ಎರಡನೆಯದಕ್ಕೆ ಬಾಯಿ ಹಾಕಬೇಡಿ.

ಬಿಚ್ಚದೆ ಹತ್ತು ನಿಮಿಷ ತುಂಬಿಸುವುದು ಹೇಗೆ? ನನ್ನ ಪ್ರಕಾರ ಹಾಗೆ ಮಾಡಿದಾಗಲೇ ವಿಡಿಯೊ ಚೆನ್ನಾಗಿ ಬರುತ್ತದೆ. ಟಿಪ್ಪುವಿನ ಕಾಲದ ಶ್ರೀರಂಗಪಟ್ಟಣದ ಕೋವಿಗಳನ್ನೇ ನೋಡಿ. ನಳಿಗೆಯ ಮೇಲೆ ಬುಬರಿ ಅನ್ನುವ ಹುಲಿಪಟ್ಟೆಯ ಕೆತ್ತನೆ. ಹುಲಿಯ ಆಕಾರ ಪಡೆದ ಬಿಡಿಭಾಗಗಳು. ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಇದನ್ನು ಗೊತ್ತಿಲ್ಲದವರು ತಿರುಗಾಮುರುಗಾ ಓದಿ ತಲೆ ಕೆರೆದುಕೊಳ್ಳುತ್ತಾರೆ. ಮ್ಯಾಕ್ರೊ ಲೆನ್ಸ್ ಹಾಕಿ, ಬೆಳಕನ್ನು ಪಕ್ಕದಿಂದ ಬಿಟ್ಟು, ಆ ಅಂಕಿಗಳ ಮೇಲೆ ನಿಧಾನವಾಗಿ ಕ್ಯಾಮೆರಾ ಸರಿಸಿ. ಎರಡು ನಿಮಿಷ ಸಲೀಸಾಗಿ ಹೋಗುತ್ತದೆ. ಯಾವ ನಿಯಮಕ್ಕೂ ಸಿಕ್ಕುವುದಿಲ್ಲ. ಒಳಗಿನ ಯಂತ್ರ ಕೆಲಸ ಮಾಡುವ ಬಗೆಯನ್ನು ಕಾಗದದ ಮೇಲೆ ರೇಖಾಚಿತ್ರ ಬರೆದು ಹೇಳಬಹುದು.

ಕೋವಿಯನ್ನು ಕೈಯಲ್ಲಿ ಹಿಡಿಯುವುದಕ್ಕಿಂತ ಬಟ್ಟೆ ಹಾಸಿದ ಮೇಜಿನ ಮೇಲೆ ಅಡ್ಡಡ್ಡ ಇಡಿ. ಪಕ್ಕದಲ್ಲಿ ಅಳತೆಪಟ್ಟಿ, ಒಂದು ಹಳೆಯ ಫೋಟೊ. ಮ್ಯೂಸಿಯಂ ಗಾಜಿನ ಪೆಟ್ಟಿಗೆಯ ನೋಟ ಬರುತ್ತದೆ. ನಳಿಗೆಯ ಬಾಯಿ ಯಾವತ್ತೂ ಕ್ಯಾಮೆರಾ ಕಡೆ ತಿರುಗಬಾರದು. ಮಕ್ಕಳ ಕೈಗೆ ಕೊಟ್ಟು ‘ಎಷ್ಟು ಭಾರ ನೋಡು ಮಗಾ’ ಅನ್ನುವ ದೃಶ್ಯ ಬೇಡ.

ಇದೆಲ್ಲ ರಗಳೆ ಅನ್ನಿಸಿದರೆ ತೋಪುಗಳಿಂದ ಶುರು ಮಾಡಿ. ವಿಜಯಪುರದ ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಬಾಯಿಯಲ್ಲಿ ಆನೆಯನ್ನು ಕಚ್ಚಿರುವ ಸಿಂಹದ ಮುಖ. ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯಲ್ಲಿ 2018ರಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಇನ್ನೊಂದು ಒಳ್ಳೆಯ ವಿಷಯ. 55 ಟನ್ನಿನ ತೋಪನ್ನು ಯಾರೂ ಹೆಗಲಿಗೆ ಹಾಕಿಕೊಂಡು ಹೋಗುವುದಿಲ್ಲ ಅಂತ ಯಂತ್ರಕ್ಕೂ ಹೊಳೆಯುತ್ತದೋ ಏನೋ, ಕೋವಿಯಷ್ಟು ತಕರಾರು ಇವಕ್ಕೆ ಇರುವುದಿಲ್ಲ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್, ಡ್ರೋನ್ ಬಳಸುವುದಿದ್ದರೆ ಮೊದಲೇ ಅನುಮತಿ ಪಡೆಯಿರಿ.

ನಾಲ್ಕನೆಯದು: ಲೈವ್ ಬೇಡ

ಇದು ಗೊತ್ತಿಲ್ಲದೆ ಮಾಡುವ ತಪ್ಪು. ಲೈವ್ ವಿಡಿಯೊದಲ್ಲಿ ಯಾರಾದರೂ ಬಂದೂಕನ್ನು ಹಿಡಿದುಕೊಂಡರೆ, ಮುಟ್ಟಿ ಆಡಿಸಿದರೆ, ಹೊತ್ತುಕೊಂಡು ಹೋದರೆ ಅದು ಸಮುದಾಯ ಮಾರ್ಗಸೂಚಿಗೆ ವಿರುದ್ಧ. ಹಳದಿ ಡಾಲರ್‌ನ ಮಾತಲ್ಲ, ಸ್ಟ್ರೈಕ್‌ನ ಮಾತು. ಅದೇ ದೃಶ್ಯ ರೆಕಾರ್ಡ್ ಮಾಡಿ ಹಾಕಿದರೆ ಈ ನಿಯಮಕ್ಕೆ ಸಿಕ್ಕುವುದಿಲ್ಲ.

ಸೆಪ್ಟೆಂಬರ್ 3ರ ಕೈಲ್ ಮುಹೂರ್ತವನ್ನು, ಕೊಡವರ ಆಯುಧ ಪೂಜೆಯ ಹಬ್ಬವನ್ನು, ನೆನಪಿಸಿಕೊಳ್ಳಿ. ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಕೋವಿ, ಕತ್ತಿಗಳನ್ನು ತೊಳೆದು ಸಾಲಾಗಿ ಇಟ್ಟಿರುತ್ತಾರೆ. ನಳಿಗೆಯ ತುದಿಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸಿರುತ್ತಾರೆ. ಬೆಂಕಿಯ ನಾಲಿಗೆಯ ಹಾಗೆ ಕಾಣುವ ಆ ಹೂವಿಗೆ ಕೋವಿಯ ಹೆಸರೇ ಇದೆ, ತೋಕ್ ಅಂದರೆ ಕೋವಿ. ಇದಕ್ಕಿಂತ ಒಳ್ಳೆಯ ಫ್ರೇಮ್ ಸಿಗುವುದು ಕಷ್ಟ. ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತ ನೆಂಟರಿಗೆ ಲೈವ್ ತೋರಿಸುವ ಆಸೆಯೂ ಸಹಜ. ಪೂಜೆ ಮುಗಿದು ಹಿರಿಯರು ಕೋವಿ ಎತ್ತಿ ಕಿರಿಯರ ಕೈಗೆ ಕೊಟ್ಟರೋ, ನಿಮ್ಮ ಲೈವ್ ಅಲ್ಲಿಗೆ ಕೆಟ್ಟಿತು. ನೆಂಟರಿಗೆ ವಾಟ್ಸ್ಆ್ಯಪ್ ಕರೆ ಮಾಡಿ. ಚಾನೆಲ್‌ಗೆ ರೆಕಾರ್ಡ್ ಮಾಡಿಕೊಂಡು ಸಂಜೆ, ಹಬ್ಬದ ಅಕ್ಕಿ ಕಡುಬು ಕಡಂಬುಟ್ಟು ತಿಂದಾದ ಮೇಲೆ, ಎಡಿಟ್ ಮಾಡಿ ಹಾಕಿ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನೂ ಹಾಗೇ. ಅದರಲ್ಲಿ ಅಂಕಣ, ಹಗ್ಗದ ಬೇಲಿ, ಮೇಲ್ವಿಚಾರಕರು ಎಲ್ಲ ಕಾಣುವ ಒಂದು ದೂರದ ದೃಶ್ಯ ಮೊದಲೇ ಇರಲಿ. ಸುರಕ್ಷಿತ ಜಾಗ, ಹತೋಟಿಯಲ್ಲಿರುವ ವಾತಾವರಣ ಅನ್ನುವುದಕ್ಕೆ ಜಾಹೀರಾತು ನಿಯಮದಲ್ಲಿ ಬೆಲೆ ಇದೆ.

ಐದನೆಯದು: ತಲೆಬರಹ, ತಂಬ್‌ನೇಲ್, ಮೊದಲ ಅರ್ಧ ನಿಮಿಷ

‘ಅಜ್ಜನ ಡೆಡ್ಲಿ ಗನ್! ಒಂದೇ ಏಟಿಗೆ ಹುಲಿ ಫಿನಿಶ್!!’ ಇಂಥ ತಲೆಬರಹಕ್ಕೆ ನೋಟ ಬರಬಹುದು, ಡಾಲರ್ ಹಳದಿಯಾಗುವುದೂ ಬಹುತೇಕ ಖಚಿತ. ಅದರ ಬದಲು ‘ನಮ್ಮ ಮನೆಯ ಕೇಪಿನ ಕೋವಿ: ಅದರ ಮೇಲಿನ ಅಕ್ಷರ ಏನು ಹೇಳುತ್ತದೆ?’ ಅಂತ ಇಡಿ. ಕುತೂಹಲ ಹಾಗೇ ಉಳಿಯುತ್ತದೆ. ತಂಬ್‌ನೇಲ್‌ನಲ್ಲಿ ಇಡೀ ಕೋವಿ ಬೇಡ, ಕೆತ್ತನೆಯ ಒಂದು ತುಂಡು ಸಾಕು. ರಕ್ತದ ಬಣ್ಣದ ಅಕ್ಷರ, ಬೆಂಕಿಯ ಎಮೋಜಿ ದೂರ ಇಡಿ.

ಮೊದಲ 30 ಸೆಕೆಂಡಿನಲ್ಲಿ ಮೂರು ವಿಷಯ ಬಾಯಿಬಿಟ್ಟು ಹೇಳಿ. ಇದು ಯಾವ ಕಾಲದ್ದು, ಈಗ ಕೆಲಸ ಮಾಡುತ್ತದೋ ಇಲ್ಲವೋ, ಯಾಕೆ ತೋರಿಸುತ್ತಿದ್ದೀರಿ. ಅದನ್ನೇ ಪರದೆಯ ಮೇಲೂ ಬರೆಯಿರಿ, ವಿವರಣೆಯ ಮೊದಲ ಸಾಲಲ್ಲೂ ಬರೆಯಿರಿ. ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಒಂದು ಸಾಲು ಇದ್ದರೆ ನಷ್ಟವಿಲ್ಲ. ಉಪಶೀರ್ಷಿಕೆಯನ್ನು ನೀವೇ ತಯಾರಿಸಿ ಹಾಕಿ. ನಮ್ಮ ‘ಗುಂಡು’ ಕೋವಿಯದೋ, ರುಬ್ಬುವ ಕಲ್ಲಿನದೋ, ಶನಿವಾರ ಸಂಜೆಯದೋ ಅಂತ ಕನ್ನಡಿಗರಿಗೇ ಒಮ್ಮೊಮ್ಮೆ ಗೊಂದಲ. ಯಂತ್ರದ ಪಾಡು ಕೇಳಬೇಕೇ?

ಆರನೆಯದು: ಕೊಂಡಿಗಳ ಬಗ್ಗೆ ಎಚ್ಚರ

ಬಂದೂಕು ಮಾರುವ ತಾಣಕ್ಕೆ ಕೊಂಡಿ ಕೊಡುವುದು ನೇರವಾಗಿ ಸಮುದಾಯ ಮಾರ್ಗಸೂಚಿಯ ವಿಷಯ. ಹರಾಜು ಮನೆಗಳೂ ಮಾರುವವರೇ ಅನ್ನುವುದು ನಮಗೆ ಹೊಳೆಯುವುದಿಲ್ಲ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಟಿಪ್ಪು ಕಾಲದ ಕತ್ತಿ, ಕೋವಿಗಳ ಹರಾಜು ನಡೆದು ಒಟ್ಟು 60 ಲಕ್ಷ ಪೌಂಡ್‌ಗೂ ಜಾಸ್ತಿ ಬಂತು. ಅದರ ಬಗ್ಗೆ ಧಾರಾಳವಾಗಿ ಮಾತಾಡಿ. ಹರಾಜಿನ ಕ್ಯಾಟಲಾಗ್ ಪುಟದ ಕೊಂಡಿಯನ್ನು ಮಾತ್ರ ವಿವರಣೆಯಲ್ಲಿ ಅಂಟಿಸಬೇಡಿ. ಮ್ಯೂಸಿಯಂ ಪುಟದ ಕೊಂಡಿ ಕೊಡಿ. ಕಾಮೆಂಟಿನಲ್ಲಿ ಯಾರೋ ‘ಅಣ್ಣಾ, ಕೊಡೋದಾದ್ರೆ ಹೇಳಿ, ಎಷ್ಟು?’ ಅಂತ ಕೇಳೇ ಕೇಳುತ್ತಾರೆ. ತಮಾಷೆಗೂ ಬೆಲೆ ಹೇಳಬೇಡಿ, ಆ ಕಾಮೆಂಟ್ ಅಳಿಸಿ.

ಏಳನೆಯದು: ಏರಿಸುವ ಕ್ರಮ

ನೇರವಾಗಿ ಪಬ್ಲಿಕ್ ಮಾಡಬೇಡಿ. ಮೊದಲು ಪ್ರೈವೇಟ್ ಇಡಿ. ಏರಿಸುವಾಗ ಒಂದು ಪ್ರಶ್ನಾವಳಿ ಬರುತ್ತದೆ, ಅದರಲ್ಲಿ ಬಂದೂಕಿಗೇ ಒಂದು ಭಾಗ ಇದೆ. ಸುಮ್ನೆ ‘ಯಾವುದೂ ಇಲ್ಲ’ ಅಂತ ಒತ್ತಿ ಮುಂದೆ ಹೋಗುವ ಚಾಳಿ ಹಲವರಿಗಿದೆ. ಅದು ತಿರುಗುಬಾಣ. ನೀವು ಕೊಡುವ ಉತ್ತರ ಪದೇ ಪದೇ ಸರಿಯಾಗಿದ್ದರೆ ಯಂತ್ರದ ಅಂದಾಜಿಗಿಂತ ನಿಮ್ಮ ಮಾತಿಗೆ ಬೆಲೆ ಜಾಸ್ತಿ ಸಿಗುತ್ತದೆ. ಒಂದು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುಂದಿನ ಹತ್ತು ವಿಡಿಯೊಗೂ ಅನುಮಾನ.

ತಪಾಸಣೆ ಮುಗಿದು ಹಸಿರು ಬಂದ ಮೇಲೆ ಪಬ್ಲಿಕ್ ಮಾಡಿ. ವಿಡಿಯೊಗೆ ಜಾಸ್ತಿ ನೋಟ ಬರುವುದು ಮೊದಲ ಎರಡು ಮೂರು ದಿನ. ಆ ದಿನಗಳು ಹಳದಿಯಲ್ಲಿ ಕಳೆದರೆ, ಆಮೇಲೆ ಹಸಿರಾದರೂ ಬರುವುದು ಚಿಲ್ಲರೆ.

ಹಳದಿ ಬಂದರೆ ಮನುಷ್ಯರ ಪರಿಶೀಲನೆ ಕೇಳಬಹುದು. ಒಂದು ವಿಡಿಯೊಗೆ ಒಂದೇ ಅವಕಾಶ. ಅದಕ್ಕೇ ಕೋಪದಲ್ಲಿ ಒತ್ತಬೇಡಿ. ಮೊದಲು ತಲೆಬರಹ, ತಂಬ್‌ನೇಲ್, ವಿವರಣೆ, ಟ್ಯಾಗ್ ನೋಡಿ, ಚುಚ್ಚುವಂಥದ್ದು ಇದ್ದರೆ ತಿದ್ದಿ, ಅನುಮಾನದ ದೃಶ್ಯ ಇದ್ದರೆ ಕತ್ತರಿಸಿ. ಆಮೇಲೆ ಕೇಳಿ. ನೋಡುವ ವ್ಯಕ್ತಿ ಇವನ್ನೆಲ್ಲ ಒಟ್ಟಿಗೇ ನೋಡುತ್ತಾರೆ. ವಿಡಿಯೊ ಅಳಿಸಿ ಅದನ್ನೇ ಮತ್ತೆ ಹಾಕುವುದು ಕೆಲಸಕ್ಕೆ ಬರುವುದಿಲ್ಲ.

ಎಂಟನೆಯದು: ಹೊಟ್ಟೆಪಾಡನ್ನು ಬೇರೆ ಕಡೆ ನೋಡಿಕೊಳ್ಳಿ

ಅಮೆರಿಕದ ಬಂದೂಕು ಇತಿಹಾಸಕಾರರಿಂದ ಕಲಿಯಬೇಕಾದದ್ದು ಇದೇ. ಮೆಕಾಲಮ್ ಜಾಹೀರಾತನ್ನು ನೆಚ್ಚಿ ಕೂರಲಿಲ್ಲ. ಪೇಟ್ರಿಯಾನ್‌ನಲ್ಲಿ ನೋಡುಗರಿಂದಲೇ ತಿಂಗಳ ಬೆಂಬಲ ಪಡೆದರು. ಹೆಡ್‌ಸ್ಟ್ಯಾಂಪ್ ಅನ್ನುವ ಪ್ರಕಾಶನ ಕಟ್ಟಲು ಕೈಜೋಡಿಸಿ, ಫ್ರಾನ್ಸಿನ ರೈಫಲ್‌ಗಳ ಮೇಲೆ ದಪ್ಪನೆಯ ಪುಸ್ತಕ ಬರೆದರು, ಅದಕ್ಕೂ ಓದುಗರಿಂದಲೇ ಮುಂಗಡ ಹಣ ಸೇರಿತು.

ನಮಗೆ ಅಷ್ಟು ದೊಡ್ಡ ಮಾರುಕಟ್ಟೆ ಇಲ್ಲ ನಿಜ. ಪೇಟ್ರಿಯಾನ್‌ನಂಥ ವಿದೇಶಿ ತಾಣಕ್ಕೆ ನಮ್ಮ ಕಾರ್ಡುಗಳಿಂದ ತಿಂಗಳು ತಿಂಗಳು ಹಣ ಕಟ್ಟುವುದು, 2021ರಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ, ತಾಪತ್ರಯವೇ. ಚಾನೆಲ್ ಸದಸ್ಯತ್ವ ಇದಕ್ಕಿಂತ ಸಲೀಸು. ಅದರಲ್ಲಿ ನಿಮ್ಮ ಪಾಲು 70 ಶೇಕಡ, ದೊಡ್ಡ ವಿಡಿಯೊಗಳ ಜಾಹೀರಾತಿನಲ್ಲಿ 55, ಶಾರ್ಟ್ಸ್‌ನಲ್ಲಿ 45. ಡಾಲರ್ ಹಳದಿಯೋ ಹಸಿರೋ ಅನ್ನುವುದಕ್ಕೂ ಸದಸ್ಯತ್ವದ ಹಣಕ್ಕೂ ಸಂಬಂಧ ಇಲ್ಲ. ವಿವರಣೆಯಲ್ಲಿ ಒಂದು ಯುಪಿಐ ವಿಳಾಸ ಹಾಕಿ. ಕೋಟೆ ನೋಡಲು ಭಾನುವಾರ ಹದಿನೈದು ಜನರನ್ನು ಕರೆದುಕೊಂಡು ಹೋಗಿ ತಲೆಗೆ ಇಷ್ಟು ಅಂತ ತೆಗೆದುಕೊಳ್ಳಿ. ಶ್ರೀರಂಗಪಟ್ಟಣದಲ್ಲಿ ರೈಲು ಹಳಿಗೆ ಅಡ್ಡ ಬಂದಿತು ಅಂತ 2017ರಲ್ಲಿ ಇಡಿಯಾಗಿ ಎತ್ತಿ ಸುಮಾರು ನೂರು ಮೀಟರ್ ಸರಿಸಿದ ಟಿಪ್ಪುವಿನ ಶಸ್ತ್ರಾಗಾರದ ಮುಂದೆ ನಿಂತು ಆ ಕಥೆ ಹೇಳಿದರೆ ಯಾರೂ ಹಣ ಕೊಡಲು ಬೇಸರ ಮಾಡಿಕೊಳ್ಳುವುದಿಲ್ಲ.

ಕೊನೆಗೆ ಒಂದು ಸಣ್ಣ ಕೆಲಸ. ಪ್ರತಿ ವಿಡಿಯೊದ ಮೂಲ ಫೈಲನ್ನು ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಇಡಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಬೇರೆಯವರ ಮನೆಯಲ್ಲಿ. ಜೊತೆಗೆ ಒಂದು ನೋಟ್‌ಬುಕ್. ಕೋವಿ ಯಾರ ಮನೆಯದು, ಯಾವ ದಿನ ಚಿತ್ರೀಕರಿಸಿದ್ದು, ನಳಿಗೆ ಎಷ್ಟು ಇಂಚು, ಮೇಲೆ ಏನು ಬರೆದಿತ್ತು, ಲೈಸೆನ್ಸೋ ವಿನಾಯಿತಿ ಪತ್ರವೋ. ವಿಡಿಯೊದಲ್ಲಿ ಹೆಸರು, ಊರು ಹೇಳಬೇಡಿ. ಎಲ್ಲಿ ಕೋವಿ ಇದೆ ಅಂತ ಕಳ್ಳರಿಗೂ ಗೊತ್ತಾಗುತ್ತದೆ.